ಎರಡು ಬೆಟ್ಟದ ನಾಡುಗಳು, ಎರಡು ಕಾಲದ ವಲಸಿಗರು



ರೋಮ್ ಯಾತ್ರೆಗೆ ಹೋಗಿ ಬಂದವರ ಆಲ್ಬಮ್ಮಿನಲ್ಲಿ ಒಂದು ಚಿತ್ರ ತಪ್ಪದೆ ಇರುತ್ತದೆ. ನೀಲಿ, ಹಳದಿ, ಕೆಂಪು ಪಟ್ಟೆಗಳ ಉಡುಪು ತೊಟ್ಟು, ಉದ್ದನೆಯ ಈಟಿ ಹಿಡಿದು, ವ್ಯಾಟಿಕನ್ನಿನ ಬಾಗಿಲಲ್ಲಿ ಅಲುಗಾಡದೆ ನಿಂತ ಸ್ವಿಸ್ ಕಾವಲುಗಾರನ ಚಿತ್ರ. ಅವನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು ಜನ ಸಾಲುಗಟ್ಟುತ್ತಾರೆ. ಇನ್ನೊಬ್ಬ ಕಾವಲುಗಾರ ನಮ್ಮದೇ ಬೀದಿಯಲ್ಲಿದ್ದಾನೆ. ರಾತ್ರಿ ಸೀಟಿ ಊದುತ್ತಾ, ದೊಣ್ಣೆಯನ್ನು ರಸ್ತೆಗೆ ಕುಟ್ಟುತ್ತಾ ಬರುತ್ತಾನೆ. ಇಲ್ಲವೇ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಅವನನ್ನು ನಾವು ‘ಗೂರ್ಖಾ’ ಎನ್ನುತ್ತೇವೆ. ಅದು ಅವನ ಹೆಸರಲ್ಲ, ಜಾತಿಯೂ ಅಲ್ಲ. ಗೋರ್ಖಾ ಎಂಬುದು ನೇಪಾಳದ ಒಂದು ಊರು. ಅವನು ಆ ಊರಿನವನಾಗಿರುವ ಸಂಭವವೂ ಕಡಿಮೆ.

ಇಬ್ಬರೂ ಬೆಟ್ಟದ ನಾಡಿನವರು. ಇಬ್ಬರ ದೇಶಕ್ಕೂ ಸಮುದ್ರವಿಲ್ಲ. ಇಬ್ಬರೂ ಪರದೇಶದಲ್ಲಿ ಮತ್ತೊಬ್ಬರ ಬಾಗಿಲು ಕಾಯುತ್ತಿದ್ದಾರೆ. ಒಬ್ಬನನ್ನು ಗೌರವದಿಂದ ನೋಡುವ ನಾವು ಇನ್ನೊಬ್ಬನ ಹೆಸರನ್ನೂ ಕೇಳಿರುವುದಿಲ್ಲ. ಈ ವಾರ ಈ ಎರಡು ಜನಾಂಗಗಳ ವಲಸೆಯ ಕಥೆಯನ್ನು ಅಕ್ಕಪಕ್ಕ ಇಟ್ಟು ನೋಡೋಣ. ಸ್ವಿಟ್ಜರ್‌ಲ್ಯಾಂಡ್ ಲೋಕದ ಶ್ರೀಮಂತ ದೇಶಗಳಲ್ಲೊಂದು, ನೇಪಾಳ ಏಷ್ಯಾದ ಬಡ ದೇಶಗಳಲ್ಲೊಂದು, ಇವೆರಡಕ್ಕೂ ಎಂಥ ಹೋಲಿಕೆ ಎಂದು ನೀವು ಕೇಳಬಹುದು. ನೂರೈವತ್ತು ಇನ್ನೂರು ವರ್ಷ ಹಿಂದಕ್ಕೆ ಹೋದರೆ ಈ ಪ್ರಶ್ನೆ ಏಳುವುದೇ ಇಲ್ಲ.

ರಕ್ತ ಮಾರಿ ಬದುಕಿದ ಕಾಲ

ಕಡಿದಾದ ಇಳಿಜಾರಿನಲ್ಲಿ ಬೆಳೆಯುವುದು ಕಡಿಮೆ. ಮನೆಯಲ್ಲಿ ಐದಾರು ಗಂಡುಮಕ್ಕಳಿದ್ದರೆ ಇರುವ ತುಂಡು ಹೊಲ ಒಬ್ಬನಿಗೂ ಸಾಲದು. ಉಳಿದವರು ಎಲ್ಲಿಗೆ ಹೋಗಬೇಕು? 15ನೇ ಶತಮಾನದಿಂದಲೇ ಸ್ವಿಸ್ ಹಳ್ಳಿಗಳ ಯುವಕರು ಫ್ರಾನ್ಸಿನ ಅರಸನಿಗೆ, ಮಿಲಾನಿನ ದೊರೆಗೆ, ಯಾರು ಸಂಬಳ ಕೊಟ್ಟರೆ ಅವರಿಗೆ ಸೈನಿಕರಾಗಿ ಹೋದರು. ಸಂಬಳದ ಒಂದು ಪಾಲು ಮನೆಗೆ ಬರುತ್ತಿತ್ತು. ಆದರೆ ದೊಡ್ಡ ಪಾಲು ಊರಿನ ಮುಖಂಡರ ಕೈ ಸೇರುತ್ತಿತ್ತು. ಹುಡುಗರನ್ನು ಒಟ್ಟುಮಾಡಿ ಕೊಡುವುದಕ್ಕಾಗಿ ಪರರಾಜರು ಅವರಿಗೆ ವರ್ಷಾಶನ ಕೊಡುತ್ತಿದ್ದರು.

ಸ್ವಿಟ್ಜರ್‌ಲ್ಯಾಂಡಿನ ಪಾಲಕ ಸಂತ ನಿಕೋಲಾಸ್ ಫ್ಲೂಎ (1417–1487) ಈ ವ್ಯಾಪಾರವನ್ನು ಕಣ್ಣಾರೆ ಕಂಡವರು. ಅವರು ಸ್ವತಃ ಸೈನಿಕರಾಗಿದ್ದರು, ರೈತರಾಗಿದ್ದರು, ಹತ್ತು ಮಕ್ಕಳ ತಂದೆಯೂ ಆಗಿದ್ದರು. ನಂತರ ಏಕಾಂತವಾಸಿಯಾದ ಅವರಲ್ಲಿ ಬುದ್ಧಿಮಾತು ಕೇಳಲು ಬರುತ್ತಿದ್ದವರಿಗೆ, ಪರರಾಜರ ಹಣಕ್ಕೆ ಕೈಯೊಡ್ಡಬೇಡಿ ಎಂದು ಅವರು ಎಚ್ಚರಿಸುತ್ತಿದ್ದರೆಂದು ಅಲ್ಲಿನ ಜನ ಇಂದಿಗೂ ನೆನೆಯುತ್ತಾರೆ. ಜಗದ್ಗುರು ಹನ್ನೆರಡನೇ ಪಯಸ್ 1947ರಲ್ಲಿ ಅವರಿಗೆ ಸಂತ ಪದವಿ ನೀಡಿದರು.

ವ್ಯಾಟಿಕನ್ನಿನ ಸ್ವಿಸ್ ಕಾವಲು ದಳವೂ ಈ ಕೂಲಿ ಸೈನ್ಯದ ಒಂದು ಕೊಂಬೆಯೇ. 1506ರ ಜನವರಿ 22ರಂದು 150 ಮಂದಿ ಸ್ವಿಸ್ ಯುವಕರು ಜಗದ್ಗುರು ಎರಡನೇ ಜೂಲಿಯಸರ ಸೇವೆಗಾಗಿ ರೋಮ್ ನಗರ ಪ್ರವೇಶಿಸಿದರು. 1527ರ ಮೇ 6ರಂದು ಶತ್ರುಸೈನ್ಯ ರೋಮನ್ನು ಸೂರೆಮಾಡಿದಾಗ, ಜಗದ್ಗುರು ಏಳನೇ ಕ್ಲೆಮೆಂಟರನ್ನು ಉಳಿಸಲು ಹೋರಾಡಿದ 189 ಮಂದಿಯಲ್ಲಿ 147 ಮಂದಿ ಅಲ್ಲೇ ಪ್ರಾಣಕೊಟ್ಟರು. ಅದೇ ನೆನಪಿಗೆ ಮೇ 6ರಂದು ಹೊಸ ಕಾವಲುಗಾರರು ಪ್ರತಿಜ್ಞೆ ಸ್ವೀಕರಿಸುವ ಸಂಪ್ರದಾಯ ಬಂದಿದೆ. ಪರದೇಶದ ಸೈನ್ಯಕ್ಕೆ ಆಳು ಒದಗಿಸುವ ಒಪ್ಪಂದಗಳನ್ನು ಸ್ವಿಸ್ ಸಂವಿಧಾನ 1848ರಲ್ಲೇ ನಿಷೇಧಿಸಿತು. ಜಗದ್ಗುರುಗಳ ಕಾವಲು ದಳ ಮಾತ್ರ ಇಂದಿಗೂ ಉಳಿದಿದೆ.

ನಮ್ಮ ನಾಡಿಗೂ ಆ ಕೂಲಿ ಸೈನಿಕರು ಬಂದಿದ್ದರೆಂಬುದು ಹಲವರಿಗೆ ತಿಳಿದಿರಲಿಕ್ಕಿಲ್ಲ. 1781ರಲ್ಲಿ ನ್ಯೂಶಾಟೆಲ್ ಪ್ರಾಂತ್ಯದ ಕೌಂಟ್ ದ ಮ್ಯೂರಾನ್ ಎಂಬಾತ ಡಚ್ ಕಂಪನಿಗಾಗಿ ಒಂದು ಪಡೆ ಕಟ್ಟಿದ. 1795ರಲ್ಲಿ ಆ ಪಡೆ ಸಿಂಹಳದಲ್ಲಿ ಇಂಗ್ಲಿಷರ ಸಂಬಳಕ್ಕೆ ಬಂತು. 1799ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇವರೂ ಇದ್ದರು. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಆ ಪಡೆಯವರ ಮತ್ತು ಅವರ ಮನೆಯವರ ಸಮಾಧಿಗಳನ್ನು ಈಗಲೂ ಕಾಣಬಹುದು. ಆಲ್ಪ್ಸ್ ಬೆಟ್ಟದಲ್ಲಿ ಹುಟ್ಟಿದವನಿಗೆ ಕಾವೇರಿ ದಡದಲ್ಲಿ ಯಾವ ಜಗಳವಿತ್ತು? ಮನೆಯಲ್ಲಿ ಹೊಲವಿರಲಿಲ್ಲ, ಅಷ್ಟೇ.

ಇತ್ತ ನೇಪಾಳದ ಕಥೆ ಇದರ ನೆರಳಿನಂತೆಯೇ ಸಾಗುತ್ತದೆ. ಇಂಗ್ಲಿಷರೊಂದಿಗೆ 1814ರಲ್ಲಿ ಆರಂಭವಾದ ಯುದ್ಧ 1816ರ ಸುಗೌಲಿ ಒಪ್ಪಂದದೊಂದಿಗೆ ಮುಗಿಯುವ ಮೊದಲೇ, 1815ರಲ್ಲಿ, ಸೋತ ಕಡೆಯ ಯೋಧರನ್ನು ಇಂಗ್ಲಿಷರು ತಮ್ಮ ಸೈನ್ಯಕ್ಕೆ ಸೇರಿಸಿಕೊಳ್ಳತೊಡಗಿದರು. ಅದೇ ಕಾಲಕ್ಕೆ ಲಾಹೋರಿನ ರಣಜಿತ್ ಸಿಂಗನ ಪಡೆಗೂ ನೇಪಾಳಿ ಯುವಕರು ಹೋಗುತ್ತಿದ್ದರು. ಲಾಹೋರಿಗೆ ಹೋದವನು ‘ಲಾಹುರೆ’. ಆ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, ಇಂದು ಕತಾರಿಗೆ ಸಿಮೆಂಟು ಹೊರಲು ಹೋಗುವವನನ್ನೂ ನೇಪಾಳದ ಹಳ್ಳಿಯವರು ಲಾಹುರೆ ಎಂದೇ ಕರೆಯುತ್ತಾರೆ.

ಎರಡು ಮಹಾಯುದ್ಧಗಳಲ್ಲಿ ಲಕ್ಷಗಟ್ಟಲೆ ನೇಪಾಳಿಗಳು ಬ್ರಿಟಿಷ್ ಧ್ವಜದಡಿ ಹೋರಾಡಿದರು. 1947ರಲ್ಲಿ ಆಗಿದ್ದ ಹತ್ತು ಗೂರ್ಖಾ ರೆಜಿಮೆಂಟುಗಳಲ್ಲಿ ಆರು ಭಾರತಕ್ಕೂ ನಾಲ್ಕು ಬ್ರಿಟನ್ನಿಗೂ ಹಂಚಿಕೆಯಾದವು. ಒಂದೇ ಸೈನ್ಯದಲ್ಲಿ ಒಂದೇ ಬಗೆಯ ಅಪಾಯಕ್ಕೆ ಎದೆಯೊಡ್ಡಿದರೂ ಬ್ರಿಟನ್ನಿನ ಗೂರ್ಖಾಗಳ ಪಿಂಚಣಿ ಬಹುಕಾಲ ಬ್ರಿಟಿಷ್ ಸೈನಿಕರ ಪಿಂಚಣಿಗಿಂತ ತೀರಾ ಕಡಿಮೆಯಿತ್ತು. 2007ರಲ್ಲಿ ಸ್ವಲ್ಪ ಸರಿಯಾಯಿತು, ಅದೂ 1997ರ ನಂತರದ ಸೇವೆಗೆ ಮಾತ್ರ. ಹಳಬರಿಗೆ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ಸಿಕ್ಕಿದ್ದು 2009ರಲ್ಲಿ, ದೊಡ್ಡ ಚಳವಳಿಯ ನಂತರ. ಇನ್ನು ಭಾರತ ಸರ್ಕಾರ 2022ರಲ್ಲಿ ಅಗ್ನಿಪಥ ಯೋಜನೆ ತಂದಾಗ, ಅದು ಹಳೆಯ ಒಪ್ಪಂದಕ್ಕೆ ಹೊಂದುವುದಿಲ್ಲವೆಂದು ನೇಪಾಳ ತನ್ನ ಯುವಕರ ನೇಮಕಾತಿಯನ್ನೇ ತಡೆಹಿಡಿಯಿತು.

ಸ್ವಿಸ್ ಬಡವನು ಸಾಲದಲ್ಲಿ ಹಡಗು ಹತ್ತಿದಾಗ

ಈಗ ಈ ಪಾಠದ ಮುಖ್ಯ ಭಾಗಕ್ಕೆ ಬರೋಣ. ಸೈನಿಕರ ಕಥೆ ವೀರರ ಕಥೆಯಾಗಿ ಉಳಿಯುತ್ತದೆ. ಕೂಲಿಯವರ ಕಥೆಯನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ.

1816ರಲ್ಲಿ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಎಂಬ ಅಗ್ನಿಪರ್ವತ ಸಿಡಿದು, ಆಕಾಶಕ್ಕೆ ಹಾರಿದ ಧೂಳು ಬಿಸಿಲನ್ನು ಮಂಕುಮಾಡಿತ್ತು. ಪೂರ್ವ ಸ್ವಿಟ್ಜರ್‌ಲ್ಯಾಂಡಿನಲ್ಲಿ ಜನ ಹುಲ್ಲು ತಿಂದರು. ಇಂಥ ಸಮಯದಲ್ಲಿ, ಬ್ರೆಜಿಲಿನಲ್ಲಿದ್ದ ಪೋರ್ಚುಗಲ್ಲಿನ ಅರಸ ಆರನೇ ಜುವಾವ್, ಕಥೋಲಿಕ ಪ್ರಾಂತ್ಯವಾದ ಫ್ರಿಬೂರ್ಗಿನೊಂದಿಗೆ 1818ರಲ್ಲಿ ಒಪ್ಪಂದ ಮಾಡಿಕೊಂಡು ಸ್ವಿಸ್ ಕುಟುಂಬಗಳನ್ನು ಕರೆಸಿಕೊಂಡ. ಬರುವವರು ಕಥೋಲಿಕರಾಗಿರಬೇಕೆಂಬುದು ಒಂದು ಷರತ್ತು. 1819ರಲ್ಲಿ ಸುಮಾರು 2000 ಮಂದಿ ಹೊರಟರು. ತಮಗೆ ಹೊರೆಯಾಗಿದ್ದ ನೆಲೆಯಿಲ್ಲದ ಬಡವರನ್ನೂ ಸ್ವಿಸ್ ಅಧಿಕಾರಿಗಳು ಅದರಲ್ಲಿ ಸೇರಿಸಿ ಕಳುಹಿಸಿದರು. ಹಾಲೆಂಡಿನ ಜೌಗುನೆಲದಲ್ಲಿ ಹಡಗಿಗಾಗಿ ಕಾಯುವಾಗ ಜ್ವರ ಬಡಿಯಿತು. ಬಂದರಿನಲ್ಲೂ ಸಮುದ್ರದ ಮೇಲೂ ಮುನ್ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಉಳಿದವರು ಕಟ್ಟಿದ ಊರೇ ನೋವಾ ಫ್ರಿಬೂರ್ಗೊ. ಕೊಟ್ಟ ಜಮೀನು ಇಳಿಜಾರು, ಕಲ್ಲು. ಹಲವರು ಅದನ್ನು ಬಿಟ್ಟು ಕಾಫಿ ಬೆಳೆಯುವ ಸೀಮೆಗೆ ಹೋದರು.

ಅದಕ್ಕಿಂತಲೂ ಕಹಿಯಾದದ್ದು ಸಾವೊ ಪಾವ್ಲೊ ಪ್ರಾಂತ್ಯದ ಇಬಿಕಾಬಾ ಕಾಫಿ ತೋಟದ ಕಥೆ. 1850ರಲ್ಲಿ ಆಫ್ರಿಕಾದಿಂದ ಗುಲಾಮರನ್ನು ತರುವುದು ನಿಂತ ಮೇಲೆ ತೋಟದ ಧಣಿಗಳಿಗೆ ಆಳುಗಳು ಬೇಕಾಗಿದ್ದರು. ತೋಟದ ಮಾಲೀಕ ವೆರ್ಗೇರೊ ಎಂಬ ಸೆನೆಟರ್ ಯುರೋಪಿನಿಂದ ಬಡ ಕುಟುಂಬಗಳನ್ನು ಪಾಲುಗಾರಿಕೆಯ ಮೇಲೆ ಕರೆಸಿದ. ಕಾಫಿ ಕಾಯಿ ಕೊಯ್ದು ಕೊಟ್ಟರೆ ಲಾಭದಲ್ಲಿ ಅರ್ಧ ಪಾಲು ಎಂದು ಕರಾರು. ಹಡಗಿನ ಖರ್ಚನ್ನು ಸ್ವಿಸ್ ಗ್ರಾಮಸಭೆಗಳೇ ಸಾಲವಾಗಿ ಕೊಟ್ಟವು. ಬಡವರು ಊರು ಬಿಟ್ಟರೆ ಅವರಿಗೆ ಅನ್ನ ಹಾಕುವ ಹೊರೆ ತಪ್ಪುತ್ತದಲ್ಲ! ತೋಟ ತಲುಪುವ ಹೊತ್ತಿಗೆ ತಂದೆ, ತಾಯಿ, ಎಳೆಯ ಮಕ್ಕಳು ಎಲ್ಲರ ಪ್ರಯಾಣದ ಖರ್ಚೂ ಕುಟುಂಬದ ಲೆಕ್ಕದಲ್ಲಿ ಸಾಲವಾಗಿ ಬರೆದಾಗಿತ್ತು. ಅದರ ಮೇಲೆ ನೂರಕ್ಕೆ ಆರರ ಬಡ್ಡಿ. ದಿನಸಿಯನ್ನು ತೋಟದ ಅಂಗಡಿಯಿಂದಲೇ ತರಬೇಕು, ಅವರು ಹೇಳಿದ್ದೇ ದರ. ಕಾಫಿ ಅಳೆಯುವವನು ಧಣಿಯ ಮನುಷ್ಯ. ಒಬ್ಬ ಸತ್ತರೆ ಅವನ ಸಾಲ ಉಳಿದವರ ತಲೆಗೆ. ಸಾಲ ತೀರದೆ ತೋಟ ಬಿಡುವಂತಿಲ್ಲ.

ಈ ತೋಟಕ್ಕೆ 1855ರಲ್ಲಿ ಬಂದ ತೋಮಾಸ್ ದಾವಾಟ್ಸ್ ಎಂಬ ಶಾಲಾ ಮಾಸ್ತರು ಲೆಕ್ಕ ಓದಬಲ್ಲವರಾಗಿದ್ದರು. ತಮ್ಮ ಜನರ ಲೆಕ್ಕಪತ್ರ ನೋಡಿ, ಅಳತೆಯಲ್ಲಿಯೂ ಹಣದ ವಿನಿಮಯದಲ್ಲಿಯೂ ಮೋಸವಿದೆಯೆಂದು ಬರೆದು ಒಪ್ಪಿಸಿದರು. 1856ರ ಕೊನೆಯಲ್ಲಿ ಕೂಲಿಯವರೆಲ್ಲ ಒಟ್ಟಾಗಿ ಎದ್ದು ನಿಂತರು. ದಾವಾಟ್ಸ್ ದೇಶಕ್ಕೆ ಮರಳಿ 1858ರಲ್ಲಿ ಈ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದರು. ಸ್ವಿಸ್ ಸರ್ಕಾರ ತನ್ನ ಪ್ರತಿನಿಧಿಗಳನ್ನು ಬ್ರೆಜಿಲಿಗೆ ಕಳುಹಿಸಿ ವಿಚಾರಣೆ ಮಾಡಿಸಿತು. ಆದರೂ ವಲಸೆಯ ಏಜೆಂಟರನ್ನು ಹತೋಟಿಗೆ ತರುವ ರಾಷ್ಟ್ರೀಯ ಕಾನೂನು ಬಂದದ್ದು 1880ರಲ್ಲಿ.

ಇದೇ ಸ್ವಿಸ್ ಜನ ಇನ್ನೊಂದು ರೀತಿಯಲ್ಲಿ ಹೋದಾಗ ಏನಾಯಿತು ನೋಡಿ. ಗ್ಲಾರುಸ್ ಪ್ರಾಂತ್ಯದ ವಲಸೆ ಸಂಘ 1845ರಲ್ಲಿ ಮೊದಲು ಇಬ್ಬರನ್ನು ಅಮೆರಿಕಕ್ಕೆ ಕಳುಹಿಸಿ ವಿಸ್ಕಾನ್ಸಿನ್ ಸೀಮೆಯಲ್ಲಿ 1200 ಎಕರೆ ಜಮೀನು ಕೊಳ್ಳಿಸಿತು. ಹಿಂದೆಯೇ ಕುಟುಂಬಗಳು ಹೊರಟವು. 108 ಮಂದಿ ಸೇರಿ ನ್ಯೂ ಗ್ಲಾರುಸ್ ಎಂಬ ಊರು ಕಟ್ಟಿದರು. ಮನೆಗೆ 20 ಎಕರೆಯಂತೆ ಸ್ವಂತ ನೆಲ. ಮೊದಲು ಗೋಧಿ ಬೆಳೆದರು, ಅನಂತರ ಹಸು ಸಾಕಿ ಗಿಣ್ಣು ಮಾಡಿದರು. ಇವತ್ತಿಗೂ ಆ ಊರು ಗಿಣ್ಣಿಗೆ ಹೆಸರುವಾಸಿ.

ಇಬಿಕಾಬಾದ ಸ್ವಿಸ್ಸನೂ ನ್ಯೂ ಗ್ಲಾರುಸಿನ ಸ್ವಿಸ್ಸನೂ ಒಂದೇ ದೇಶದವರು. ದುಡಿಮೆಯಲ್ಲಿ ಯಾರೂ ಕಡಿಮೆಯಿರಲಿಲ್ಲ. ಒಬ್ಬ ಸಾಲ ಹೊತ್ತು ಪರರ ಕರಾರಿಗೆ ಸಹಿ ಹಾಕಿ ಹೋದ. ಇನ್ನೊಬ್ಬ ಮನೆಯವರೊಂದಿಗೆ, ಸ್ವಂತ ನೆಲದ ಮೇಲೆ ಕಾಲಿಟ್ಟ. “ಆ ಜನವೇ ಹಾಗೆ, ಅವರಿಗೆ ಏಳ್ಗೆಯಿಲ್ಲ” ಎಂದು ವಲಸಿಗರ ಬಗ್ಗೆ ನಾವು ಸಲೀಸಾಗಿ ಆಡುವ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ.

ಮಕ್ಕಳ ಬಗ್ಗೆಯೂ ಒಂದು ಮಾತು. ಗ್ರೌಬ್ಯುಂಡನ್ ಪ್ರಾಂತ್ಯದ ಬಡ ಕುಟುಂಬಗಳ ಮಕ್ಕಳು ಪ್ರತಿ ವಸಂತದಲ್ಲಿ ಹಿಮ ದಾಟಿ ಜರ್ಮನಿಯ ಶ್ವಾಬಿಯಾಕ್ಕೆ ನಡೆದು ಹೋಗುತ್ತಿದ್ದರು. ರಾವೆನ್ಸ್‌ಬುರ್ಗಿನ ಸಂತೆಯಲ್ಲಿ ರೈತರು ಅವರನ್ನು ನೋಡಿ ಆರಿಸಿಕೊಳ್ಳುತ್ತಿದ್ದರು. ಶರತ್ಕಾಲದವರೆಗೆ ದನ ಮೇಯಿಸಿದರೆ ಸ್ವಲ್ಪ ಹಣ, ಒಂದು ಜೊತೆ ಬಟ್ಟೆ. ಇದು 20ನೇ ಶತಮಾನದ ಆರಂಭದವರೆಗೂ ನಡೆದಿತ್ತು.

ಇಂದಿನ ಲಾಹುರೆ

2021ರ ಜನಗಣತಿಯ ಪ್ರಕಾರ ನೇಪಾಳದ 2 ಕೋಟಿ 92 ಲಕ್ಷ ಜನರಲ್ಲದೆ ಸುಮಾರು 22 ಲಕ್ಷ ಮಂದಿ ದೇಶದ ಹೊರಗಿದ್ದಾರೆ. ಅವರಲ್ಲಿ ಹತ್ತಕ್ಕೆ ಎಂಟು ಮಂದಿ ಗಂಡಸರು. ಭಾರತದ ಗಡಿಯಲ್ಲಿ ವೀಸಾ ಇಲ್ಲದಿರುವುದರಿಂದ ಕೆಲವು ತಿಂಗಳಿಗೆಂದು ಬಂದು ಹೋಗುವವರು ಯಾವ ಲೆಕ್ಕಕ್ಕೂ ಸರಿಯಾಗಿ ಸಿಗುವುದಿಲ್ಲ. ಹೊರಗಿನಿಂದ ಬರುವ ಹಣ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗಕ್ಕೆ ಸಮ.

ಇವರಲ್ಲೂ ಮೆಟ್ಟಿಲುಗಳಿವೆ. ತೀರಾ ಬಡವರು, ಪಶ್ಚಿಮದ ಅಛಾಮ್, ಬಾಜುರಾದಂಥ ಜಿಲ್ಲೆಗಳವರು, ಬಸ್ಸು ಹತ್ತಿ ಭಾರತಕ್ಕೆ ಬರುತ್ತಾರೆ; ಅದಕ್ಕೆ ಏಜೆಂಟನೂ ಬೇಡ, ದೊಡ್ಡ ಸಾಲವೂ ಬೇಡ. ಅವರಿಗಿಂತ ಒಂದಿಷ್ಟು ಮೇಲಿರುವವರು ಜಮೀನು ಅಡವಿಟ್ಟು ಮಲೇಷ್ಯಾ, ಕತಾರ್, ಸೌದಿಗೆ ಹೋಗುತ್ತಾರೆ. ಇನ್ನೂ ಅನುಕೂಲವಿದ್ದವರು ಭಾಷೆ ಕಲಿತು ಕೊರಿಯಾ, ಜಪಾನಿಗೆ, ವಿದ್ಯಾರ್ಥಿಗಳಾಗಿ ಆಸ್ಟ್ರೇಲಿಯಾಕ್ಕೆ ಹೋಗುತ್ತಾರೆ. ನಮ್ಮ ಹೋಟೆಲಿನ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ನೇಪಾಳಿ ಹುಡುಗ ಹೆಚ್ಚಾಗಿ ಈ ಏಣಿಯ ಕೆಳಗಿನ ಮೆಟ್ಟಿಲಿನವನು ಎಂಬುದನ್ನು ನೆನಪಿಡಬೇಕು.

ಗಲ್ಫಿಗೆ ಹೋಗುವವನ ಲೆಕ್ಕ ನೋಡಿದರೆ ಇಬಿಕಾಬಾ ನೆನಪಾಗದಿರದು. ನೇಪಾಳದಲ್ಲಿ 2007ರ ವಿದೇಶಿ ಉದ್ಯೋಗ ಕಾಯಿದೆ ಇದೆ. ಗಲ್ಫಿನ ಆರು ದೇಶಗಳಿಗೂ ಮಲೇಷ್ಯಾಕ್ಕೂ ಹೋಗುವವರ ವೀಸಾ, ಟಿಕೆಟು ಎರಡನ್ನೂ ಕೆಲಸ ಕೊಡುವವನೇ ಭರಿಸಬೇಕು, ಏಜೆಂಟನು ಸೇವಾಶುಲ್ಕವಾಗಿ ಹತ್ತು ಸಾವಿರ ನೇಪಾಳಿ ರೂಪಾಯಿಗಿಂತ ಹೆಚ್ಚು ಪಡೆಯಬಾರದು ಎಂದು 2015ರಲ್ಲಿ ನಿಯಮವೂ ಆಯಿತು. ವಾಸ್ತವದಲ್ಲಿ ಲಕ್ಷ, ಒಂದೂವರೆ ಲಕ್ಷ ಕೊಟ್ಟವರೇ ಹೆಚ್ಚು. ರಸೀತಿ ಮಾತ್ರ ಹತ್ತು ಸಾವಿರಕ್ಕೆ. ಆ ಹಣ ಹಳ್ಳಿಯ ಸಾಹುಕಾರನಿಂದ, ನೂರಕ್ಕೆ ಇಪ್ಪತ್ತನಾಲ್ಕೋ ಮೂವತ್ತಾರೋ ಬಡ್ಡಿಗೆ ಬಂದದ್ದು. ಊರಿನಲ್ಲಿ ಹೇಳಿದ ಕೆಲಸ ಒಂದು, ಅಲ್ಲಿ ಕೊಟ್ಟ ಕೆಲಸ ಇನ್ನೊಂದು. ಮೊದಲ ಒಂದೆರಡು ವರ್ಷದ ದುಡಿಮೆ ಸಾಲಕ್ಕೇ ಹೋಗುತ್ತದೆ. ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಾಯಿಸುವಂತಿಲ್ಲ ಎಂಬ ಕಟ್ಟಳೆಯನ್ನು ಕತಾರ್ 2020ರಲ್ಲಿ ತೆಗೆಯಿತು, 2021ರಲ್ಲಿ ತಿಂಗಳಿಗೆ 1000 ರಿಯಾಲ್ ಕನಿಷ್ಠ ವೇತನ ಜಾರಿಗೆ ತಂದಿತು. ಇದು ಒಳ್ಳೆಯ ಹೆಜ್ಜೆಯೇ. ಆದರೆ ಬೆನ್ನ ಮೇಲೆ ಸಾಲವಿರುವವನು ಕಾನೂನು ಇದೆಯೆಂದು ಮಾಲೀಕನಿಗೆ ಎದುರಾಡುವುದು ಎಷ್ಟು ಸುಲಭ?

ಕಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣದಲ್ಲಿ ಒಂದು ಕಡೆ ಹೊರಡುವವರ ಸಾಲು, ಇನ್ನೊಂದು ಕಡೆ ಶವಪೆಟ್ಟಿಗೆ ಇಳಿಸಿಕೊಳ್ಳಲು ಬಂದವರ ಸಾಲು. ವರ್ಷಕ್ಕೆ ಸಾವಿರಕ್ಕೂ ಹೆಚ್ಚು ನೇಪಾಳಿ ಕೂಲಿಗಳು ಪರದೇಶದಲ್ಲಿ ಸಾಯುತ್ತಿದ್ದಾರೆ. ಅವರಲ್ಲಿ ಹಲವರು ಮೂವತ್ತು ನಲವತ್ತರ ಒಳಗಿನವರು; ಮರಣಪತ್ರದಲ್ಲಿ ಮಾತ್ರ ‘ಸ್ವಾಭಾವಿಕ ಸಾವು’, ‘ಹೃದಯ ಸ್ತಂಭನ’ ಎಂದಿರುತ್ತದೆ. ಉರಿಬಿಸಿಲಿನ ದುಡಿಮೆಗೂ ಈ ಸಾವುಗಳಿಗೂ ನಂಟಿದೆಯೆಂದು ವೈದ್ಯರ ಅಧ್ಯಯನಗಳು ತೋರಿಸಿವೆ. ಮೂತ್ರಪಿಂಡ ಕೆಟ್ಟು ಮರಳಿ ಬಂದವರೂ ಕಡಿಮೆಯಿಲ್ಲ.

ಹೆಂಗಸರ ಪಾಡು ಇನ್ನೊಂದು ಬಗೆಯದು. ಮನೆಗೆಲಸಕ್ಕೆ ಗಲ್ಫಿಗೆ ಹೋಗುವುದನ್ನು ನೇಪಾಳ ಸರ್ಕಾರ ಹಲವು ಸಲ ನಿಷೇಧಿಸಿದೆ. ಉದ್ದೇಶ ರಕ್ಷಣೆಯೇ. ಆದರೆ ಹಸಿವು ನಿಷೇಧಕ್ಕೆ ಹೆದರುವುದಿಲ್ಲ. ಅವರು ಗಡಿ ದಾಟಿ ದೆಹಲಿಯ ದಾರಿಯಾಗಿ ಹೋಗುತ್ತಾರೆ. ಹಾಗೆ ಹೋದವರ ಹೆಸರು ಯಾವ ಕಚೇರಿಯ ಪುಸ್ತಕದಲ್ಲೂ ಇರುವುದಿಲ್ಲ.

ಹೊರದೇಶದಲ್ಲಿರುವ ಸ್ವಿಸ್ ಜನರನ್ನು ಈಗ ಇದರ ಪಕ್ಕದಲ್ಲಿಡಿ. 8 ಲಕ್ಷಕ್ಕೂ ಹೆಚ್ಚು ಸ್ವಿಸ್ ಪ್ರಜೆಗಳು ಹೊರಗೆ ನೆಲೆಸಿದ್ದಾರೆ, ಫ್ರಾನ್ಸಿನಲ್ಲೇ 2 ಲಕ್ಷಕ್ಕೂ ಹೆಚ್ಚು. ಎಂದರೆ ಸ್ವಿಸ್ ಪ್ರಜೆಗಳಲ್ಲಿ ಸುಮಾರು ಹತ್ತಕ್ಕೆ ಒಬ್ಬರು! ಲೆಕ್ಕಕ್ಕೆ ಸಿಕ್ಕವರ ಪ್ರಮಾಣವನ್ನು ಮಾತ್ರ ನೋಡಿದರೆ ನೇಪಾಳಕ್ಕಿಂತ ಸ್ವಿಟ್ಜರ್‌ಲ್ಯಾಂಡೇ ದೊಡ್ಡ ವಲಸೆಯ ದೇಶ. ವ್ಯತ್ಯಾಸವಿರುವುದು ಅವರ ಸ್ಥಿತಿಯಲ್ಲಿ. ಅವರಲ್ಲಿ ಮುಕ್ಕಾಲು ಪಾಲು ಮಂದಿಗೆ ಎರಡು ದೇಶಗಳ ಪೌರತ್ವವಿದೆ. ಹೆಂಡತಿ ಮಕ್ಕಳೊಂದಿಗೆ ಇದ್ದಾರೆ. ಬೇಡವೆನಿಸಿದ ದಿನ ಟಿಕೆಟು ಕೊಂಡು ಮನೆಗೆ ಬರಬಹುದು. 1992ರಿಂದ ಅಂಚೆಯ ಮೂಲಕ ಮತ ಹಾಕುತ್ತಾರೆ. ಹೊರಗಿರುವ ನೇಪಾಳಿಗಳಿಗೆ ಮತದಾನದ ವ್ಯವಸ್ಥೆ ಮಾಡಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟು 2018ರಲ್ಲಿ ಆದೇಶಿಸಿದ್ದರೂ, 2022ರ ಚುನಾವಣೆಯಲ್ಲಿ ಅದು ಆಗಲಿಲ್ಲ. ದೇಶದ ಕಾಲು ಭಾಗದ ಹಣ ಕಳುಹಿಸುವವನಿಗೆ ಮತವಿಲ್ಲ.

ಉಂಡವನು ಹಸಿವನ್ನು ಮರೆತಾಗ

1890ರ ಹೊತ್ತಿಗೆ ಸ್ವಿಟ್ಜರ್‌ಲ್ಯಾಂಡಿನ ಸ್ಥಿತಿ ತಿರುಗಿತು. ರೈಲು, ಗಡಿಯಾರ, ಬಟ್ಟೆ ಗಿರಣಿ, ಬ್ಯಾಂಕು ಬೆಳೆದವು. ಬಿಟ್ಟುಹೋಗುವವರಿಗಿಂತ ಬರುವವರು ಹೆಚ್ಚಾದರು. ಬಂದವರು ಹೆಚ್ಚಾಗಿ ಇಟಲಿಯವರು, ನಮ್ಮಂತೆಯೇ ಕಥೋಲಿಕರು. ಒಂದು ಕಾಲಕ್ಕೆ ತನ್ನ ಮಕ್ಕಳನ್ನು ಸಂತೆಗೆ ನಡೆಸಿದ್ದ ದೇಶ ಅವರನ್ನು ಹೇಗೆ ನಡೆಸಿಕೊಂಡಿತು?

1930ರ ದಶಕದಿಂದ 2002ರವರೆಗೆ ಅಲ್ಲಿ ‘ಋತುಮಾನದ ಕೂಲಿ’ ಎಂಬ ಪರವಾನಗಿ ಇತ್ತು. ವರ್ಷಕ್ಕೆ ಒಂಬತ್ತು ತಿಂಗಳು ಕೆಲಸ, ಮೂರು ತಿಂಗಳು ದೇಶದ ಹೊರಗೆ. ವಾಸ ಶೆಡ್ಡಿನಲ್ಲಿ. ಕೆಲಸ ಬದಲಾಯಿಸುವಂತಿಲ್ಲ. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಆದರೂ ತಾಯಿ ತಂದೆ ಮಕ್ಕಳನ್ನು ಬಿಟ್ಟಿರಲಾಗದೆ ಗುಟ್ಟಾಗಿ ಕರೆತಂದರು. ಅಕ್ಕಪಕ್ಕದವರಿಗೆ ತಿಳಿದರೆ ಪೊಲೀಸರು ಬರುತ್ತಾರೆಂದು ಆ ಮಕ್ಕಳು ಇಡೀ ದಿನ ಬಾಗಿಲು ಹಾಕಿದ ಕೋಣೆಯಲ್ಲಿ ಶಬ್ದ ಮಾಡದೆ ಇರಬೇಕಿತ್ತು. ಯಾರಾದರೂ ಬಾಗಿಲು ತಟ್ಟಿದರೆ ಕಪಾಟಿನೊಳಗೆ ಅಡಗಬೇಕಿತ್ತು. ‘ಕಪಾಟಿನ ಮಕ್ಕಳು’ ಎಂದೇ ಅವರಿಗೆ ಹೆಸರು ಬಂತು. ಹೀಗೆ ಬೆಳೆದವರು ಸಾವಿರಾರು ಮಂದಿ; ಈಗ ವಯಸ್ಸಾಗಿರುವ ಅವರಲ್ಲಿ ಕೆಲವರು ಬಾಯಿಬಿಟ್ಟು ಮಾತಾಡತೊಡಗಿದ್ದಾರೆ.

1965ರ ಆಗಸ್ಟ್ 30ರಂದು ವಾಲೆ ಪ್ರಾಂತ್ಯದ ಮಟ್‌ಮಾರ್ಕ್ ಅಣೆಕಟ್ಟಿನ ಕೆಲಸಗಾರರ ಶೆಡ್ಡುಗಳ ಮೇಲೆ ಹಿಮನದಿಯ ಒಂದು ಭಾಗವೇ ಕುಸಿದು ಬಿತ್ತು. 88 ಮಂದಿ ಸತ್ತರು, ಅವರಲ್ಲಿ 56 ಮಂದಿ ಇಟಲಿಯವರು. ಹಿಮನದಿಯ ಕೆಳಗೆ ಶೆಡ್ಡು ಹಾಕಿದವರ ಮೇಲೆ ಮೊಕದ್ದಮೆ ನಡೆದು 1972ರಲ್ಲಿ ಎಲ್ಲರೂ ಖುಲಾಸೆಯಾದರು. ಮೇಲ್ಮನವಿ ಹಾಕಿದ ಸತ್ತವರ ಕುಟುಂಬಗಳ ಮೇಲೆಯೇ ನ್ಯಾಯಾಲಯದ ಅರ್ಧ ಖರ್ಚನ್ನು ಹೊರಿಸಲಾಯಿತು. ಪರದೇಶಿಗಳನ್ನು ನೂರಕ್ಕೆ ಹತ್ತಕ್ಕೆ ಇಳಿಸಬೇಕೆಂಬ ಪ್ರಸ್ತಾಪ 1970ರಲ್ಲಿ ಮತಕ್ಕೆ ಬಂದಾಗ, ನೂರಕ್ಕೆ 54 ಮಂದಿ ಬೇಡವೆಂದದ್ದರಿಂದ ಅದು ಬಿದ್ದುಹೋಯಿತು. ಬೇಕೆಂದವರು 46 ಮಂದಿ ಇದ್ದರು.

ಸ್ವಿಸ್ ಜನರನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. 2011ರಿಂದ ಅದೇ ಸ್ವಿಸ್ ಸರ್ಕಾರ ನೇಪಾಳದ ಜಿಲ್ಲಾ ಕೇಂದ್ರಗಳಲ್ಲಿ ಮಾಹಿತಿ ಕೇಂದ್ರಗಳನ್ನು ತೆರೆಯಲು ನೆರವಾಗಿ, ಹೊರಡುವವರಿಗೆ ಕರಾರು ಓದಿ ಹೇಳುವ, ಮರಳಿದವರಿಗೆ ದೂರು ಕೊಡಲು ಸಹಾಯ ಮಾಡುವ ಕೆಲಸ ನಡೆಸಿದೆ. ದಾವಾಟ್ಸ್ ಮಾಸ್ತರು ಒಬ್ಬರೇ ಮಾಡಿದ ಕೆಲಸವದು.

ಧರ್ಮಸಭೆಯ ಬೋಧನೆ

ಎಳೆಯ ಯೇಸುಸ್ವಾಮಿಯನ್ನು ಎತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೋದ ಮರಿಯಮ್ಮನವರನ್ನೂ ಜೋಸೆಫರನ್ನೂ ಪ್ರತಿ ವಲಸಿಗ ಕುಟುಂಬಕ್ಕೆ ಮಾದರಿಯಾಗಿ ತೋರಿಸುತ್ತಾ ಜಗದ್ಗುರು ಹನ್ನೆರಡನೇ ಪಯಸ್ 1952ರಲ್ಲಿ ವಲಸಿಗರ ಬಗ್ಗೆ ಒಂದು ಪ್ರೇಷಿತ ಸಂವಿಧಾನ ಪ್ರಕಟಿಸಿದರು. ಇಟಲಿಯ ಬಡ ವಲಸಿಗರಿಗಾಗಿ ಯಾಜಕರನ್ನು ಕಳುಹಿಸಿದ ಧರ್ಮಾಧ್ಯಕ್ಷ ಸ್ಕಾಲಬ್ರಿನಿಯವರಿಗೆ ಜಗದ್ಗುರು ಫ್ರಾನ್ಸಿಸ್ 2022ರಲ್ಲಿ ಸಂತ ಪದವಿ ನೀಡಿದರು. ಆದರೆ ಈ ವಿಷಯದಲ್ಲಿ ನಮ್ಮನ್ನು ನೇರವಾಗಿ ಕುಟುಕುವುದು ಧರ್ಮೋಪದೇಶ ಕಾಂಡದ 24ನೇ ಅಧ್ಯಾಯ. ಕೂಲಿಯಾಳು ನಿಮ್ಮವನಾಗಿರಲಿ, ಪರದೇಶಿಯಾಗಿರಲಿ, ಅವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆಯೇ ಕೊಡಬೇಕೆಂದು ಅದು ವಿಧಿಸುತ್ತದೆ. ಕೊಡದೆ ಉಳಿಸಿಕೊಂಡ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎನ್ನುತ್ತಾರೆ ಸಂತ ಯಕೋಬರು ತಮ್ಮ ಪತ್ರದ 5ನೇ ಅಧ್ಯಾಯದಲ್ಲಿ. ಪವಿತ್ರ ಗ್ರಂಥ ಇಲ್ಲಿ ಭಿಕ್ಷೆಯ ಮಾತಾಡುತ್ತಿಲ್ಲ. ಸಲ್ಲಬೇಕಾದ ಹಣದ ಮಾತಾಡುತ್ತಿದೆ.

ನೇಪಾಳಿಗಳಲ್ಲಿ ಬಹುಪಾಲು ಹಿಂದೂಗಳು, ಬೌದ್ಧರು. ಅವರ ಬಗ್ಗೆ ಧರ್ಮಕೇಂದ್ರ ಏಕೆ ಯೋಚಿಸಬೇಕು ಎಂಬ ಮಾತೂ ಬರುತ್ತದೆ. ಸಂತ ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಪರದೇಶಿಗೆ ಆಶ್ರಯ ಕೊಟ್ಟವರನ್ನು ಪ್ರಭು ಹೊಗಳುತ್ತಾರೆ, ಆ ಪರದೇಶಿಯ ಧರ್ಮವನ್ನು ಕೇಳುವುದಿಲ್ಲ. ಇನ್ನು ಭಾರತಕ್ಕೆ ಬಂದ ಮೊದಲ ನೇಪಾಳಿ ಕಥೋಲಿಕರು ಯಾರೆಂದು ಬಲ್ಲಿರಾ? ಪೃಥ್ವಿನಾರಾಯಣ ಶಾಹನು ಕಠ್ಮಂಡು ಕಣಿವೆಯನ್ನು ಗೆದ್ದ ಮೇಲೆ, 1769ರಲ್ಲಿ ಕಪುಚಿನ್ ಗುರುಗಳೊಂದಿಗೆ ಅಲ್ಲಿಂದ ಹೊರಬಿದ್ದ ನೇವಾರ್ ಕ್ರೈಸ್ತರು. ಬಿಹಾರದ ಬೆತ್ತಿಯಾ ಬಳಿಯ ಚುಹರಿಯಲ್ಲಿ ಅವರು ನೆಲೆಯೂರಿದರು. ಅವರೂ ವಲಸಿಗರೇ, ನಮ್ಮ ವಿಶ್ವಾಸದ ಒಡಹುಟ್ಟಿದವರೇ.

ನಮ್ಮ ಮನೆಗಳಲ್ಲಿ

ಮುಂದಿನ ವಾರ್ಡು ಸಭೆಯಲ್ಲಿ ಈ ವಿಷಯ ಎತ್ತಿಕೊಳ್ಳುವುದಾದರೆ ದೊಡ್ಡ ಮಾತು ಬೇಡ, ಸಣ್ಣ ಪ್ರಶ್ನೆಗಳು ಸಾಕು. ನಿಮ್ಮ ವಠಾರದ ಕಾವಲುಗಾರನಿಗೆ ನೀವು ಕೊಡುವ ಹಣದಲ್ಲಿ ಏಜೆನ್ಸಿ ಎಷ್ಟು ಇಟ್ಟುಕೊಳ್ಳುತ್ತದೆ, ಅವನ ಕೈಗೆ ಎಷ್ಟು ಸೇರುತ್ತದೆ? ಅವನು ಮಲಗುವುದು ಎಲ್ಲಿ, ಪಂಪಿನ ಕೋಣೆಯಲ್ಲೇ? ಹೆಂಡತಿ ಮಕ್ಕಳು ಜೊತೆಯಲ್ಲಿದ್ದರೆ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ? ಆಧಾರ್ ಇಲ್ಲವೆಂದು ಯಾರಾದರೂ ಸೇರಿಸಿಕೊಳ್ಳದಿದ್ದರೆ, ಮುಖ್ಯೋಪಾಧ್ಯಾಯರ ಬಳಿ ಅವನೊಂದಿಗೆ ನಡೆದು ಹೋಗಿ ಮಾತಾಡಲು ನಿಮಗೆ ಎಷ್ಟು ಹೊತ್ತು ಬೇಕು? ನಮ್ಮ ದಸರೆಯ ಹೊತ್ತಿಗೇ ಅವರ ದೊಡ್ಡ ಹಬ್ಬ ದಶೈಂ ಬರುತ್ತದೆ. ಹಿರಿಯರ ಕೈಯಿಂದ ಹಣೆಗೆ ಟೀಕಾ ಇಡಿಸಿಕೊಳ್ಳಲು ಊರಿಗೆ ಹೋಗುವ ಹಬ್ಬವದು. ಕ್ರಿಸ್ತಜಯಂತಿಗೆ ಮಗ ಗಲ್ಫಿನಿಂದ ಬರಲಾಗದಿದ್ದರೆ ನಮ್ಮ ಮನೆಯಲ್ಲಿ ಹೇಗಿರುತ್ತದೆ ಎಂಬುದು ಬಲ್ಲವರಿಗೆ ಈ ರಜೆಯ ಬೆಲೆ ವಿವರಿಸಬೇಕಾಗಿಲ್ಲ.

ಗಲ್ಫಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ಕರಾವಳಿಯ, ಬೆಂಗಳೂರಿನ ನಮ್ಮ ಕುಟುಂಬಗಳ ಮಕ್ಕಳೂ ಅದೇ ವಿಮಾನ ಹತ್ತುತ್ತಾರೆ. ದೋಹಾ, ದುಬೈ ದೇವಾಲಯಗಳಲ್ಲಿ ಬಲಿಪೂಜೆಗೆ ಸೇರುವವರಲ್ಲಿ ನಮ್ಮವರೂ ಇದ್ದಾರೆ. ಹೋಗುವವರಿದ್ದರೆ ಏಜೆಂಟನಿಗೆ ಭಾರತ ಸರ್ಕಾರದ ಪರವಾನಗಿ ಇದೆಯೇ ಎಂದು ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಡಿ. ಸೇವಾಶುಲ್ಕ ಮೂವತ್ತು ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯನ್ನು ಮೀರುವಂತಿಲ್ಲ; ಕೊಟ್ಟಷ್ಟಕ್ಕೂ ರಸೀತಿ ಕೇಳಿ. ಸಂಬಳ, ಕೆಲಸದ ಹೆಸರು, ರಜೆ, ವಾಪಸು ಟಿಕೆಟು, ಈ ನಾಲ್ಕೂ ಬರೆದಿರುವ ಕರಾರನ್ನು ಹೊರಡುವ ಮುಂಚೆ ಮನೆಯವರೆಲ್ಲ ಕುಳಿತು ಓದಿ. ಅದರ ಒಂದು ಪ್ರತಿಯನ್ನೂ ಪಾಸ್‌ಪೋರ್ಟಿನ ಪ್ರತಿಯನ್ನೂ ಮನೆಯಲ್ಲೇ ಇಟ್ಟುಕೊಳ್ಳಿ, ಕಂಪನಿಯ ವಿಳಾಸವನ್ನೂ ಅಲ್ಲಿನ ನಮ್ಮ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಯನ್ನೂ ಅದರ ಹಿಂಬದಿಯಲ್ಲಿ ಬರೆದಿಡಿ.